ಹಚ್ಚುವುದು, ಉಜ್ಜುವುದು

ಮೊನ್ನೆ ಜೆ. ಸಿ. ರಸ್ತೆಯ ಅಂಗಡಿಯೊಂದಕ್ಕೆ ಒಂದು ಡಬ್ಬಿ ಮೇಣ ಕೊಳ್ಳಲು ಹೋಗಿದ್ದೆ. ಮೇಣವೆಂದರೆ ಬತ್ತಿಯ ಮೇಣವಲ್ಲ. ಕಾರಿನ ಮೈಗೆ ಹಚ್ಚುವ ಮೇಣ. ವ್ಯಾಕ್ಸ್ ಎಂದರೇ ಅಂಗಡಿಯವರಿಗೆ ತಿಳಿಯುವುದು. ಗಲ್ಲಾದ ಬಳಿ ನಿಂತಿದ್ದ ಹುಡುಗ ನನ್ನ ನರೆತ ತಲೆಯನ್ನೊಮ್ಮೆ ನೋಡಿ, "ಕೈಯಲ್ಲಿ ಹಚ್ಚೋದಕ್ಕಾ ಸಾರ್, ಮೆಷಿನ್‌ಗಾ?" ಎಂದು ಕೇಳಿದ. ಹೋಟೆಲಿನ ಮಾಣಿ "ಕಾಫಿನಾ, ಟೀನಾ?" ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ. ನಾನು ಬಾಯಿ ತೆರೆದವನು ಉತ್ತರ ಹೊರಡದೆ ಹಾಗೆಯೇ ನಿಂತುಬಿಟ್ಟೆ. ಹಿಂದೆ ನಿಂತಿದ್ದವರೊಬ್ಬರು ಗಂಟಲು ಸರಿಪಡಿಸಿಕೊಂಡರು. ನನ್ನ ಕಿವಿ ಮಂದವೆಂದು ತಿಳಿದನೋ ಏನೋ, ಹುಡುಗ ಅದೇ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಿದ.

ಒಂದು ತಿಂಗಳ ಹಿಂದೆ ಕೇಳಿದ್ದರೆ ನನ್ನಲ್ಲಿ ಸಿದ್ಧವಾದ ಉತ್ತರವಿತ್ತು. ಉತ್ತರವೇನು, ಒಂದು ಪುಟ್ಟ ಭಾಷಣವೇ ಇತ್ತು. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ಭಾಷಣಕ್ಕೆ ಬರವೆ? ಕೈಗೆಲಸದ ಹಿರಿಮೆ, ಯಂತ್ರದ ನಿರ್ದಯತೆ, ಬುದ್ಧಿಗೆ ಎಟುಕದ್ದು ಬೆರಳಿಗೆ ಎಟುಕುವ ಬಗೆ, ಹೀಗೆಲ್ಲ ಅದರಲ್ಲಿ ಬರುತ್ತಿತ್ತು. ಚೀನಾದ ಹಳೆಯ ತತ್ತ್ವಜ್ಞಾನಿ ಚುವಾಂಗ್ ತ್ಸುವಿನ ಹೆಸರಿನ ಗ್ರಂಥದಲ್ಲಿರುವ ತೋಟದ ಮುದುಕನ ಕತೆಯನ್ನೂ ಸೇರಿಸುತ್ತಿದ್ದೆ. ಆ ಮುದುಕ ಬಾವಿಗಿಳಿದು ಕೊಡದಲ್ಲಿ ನೀರು ಹೊತ್ತು ತೋಟಕ್ಕೆ ಹಾಕುತ್ತಿದ್ದನಂತೆ. ದಾರಿಹೋಕನೊಬ್ಬ ಏತದ ಉಪಾಯವನ್ನು ಹೇಳಿಕೊಟ್ಟರೆ, ಯಂತ್ರವನ್ನು ಬಳಸುವವನ ಮನಸ್ಸೂ ಯಂತ್ರವಾದೀತೆಂದು ಹೇಳಿ ಬೇಡವೆಂದನಂತೆ. ಅವನು ಹೆದರಿದ ಯಂತ್ರ ನಮ್ಮ ಏತ! ಏತ ಹೊಡೆಯುವವನನ್ನು ಕಂಡು ನಾವು ಎಂಥ ಮೈಮುರಿಯುವ ದುಡಿಮೆಯೆಂದು ಕೊಂಡಾಡುತ್ತೇವೆ. ಕತೆ ಹೇಳುವಾಗ ಈ ಮಾತು ನನಗೆ ಹೊಳೆದಿರಲಿಲ್ಲ. ಇರಲಿ. ಆ ಭಾಷಣ ಈಗ ನನ್ನಲ್ಲಿಲ್ಲ. ಅದು ಹೋದದ್ದು ಹೇಗೆಂದು ಹೇಳಬೇಕಾದರೆ ನಮ್ಮ ತಂದೆಯವರ ಕಾರಿನ ವಿಷಯ ಹೇಳಬೇಕು.

1968ರಲ್ಲಿ ನಮ್ಮ ತಂದೆಯವರು ಒಂದು ಅಂಬಾಸಿಡರ್ ಕಾರು ಕೊಂಡರು. ಬೆಳಗ್ಗೆ ಮನಸ್ಸು ಮಾಡಿ ಸಂಜೆ ಕಾರು ತರುವ ಕಾಲವಲ್ಲ ಅದು. ಹಣ ಕಟ್ಟಿ, ಹೆಸರು ಬರೆಯಿಸಿ, ವರ್ಷಗಟ್ಟಲೆ ಕಾಯಬೇಕಾಗಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಬಂಗಾಳದ ಉತ್ತರಪಾರಾ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಗಾಡಿ. 2014ರಲ್ಲಿ ಅದರ ತಯಾರಿಕೆ ನಿಂತಿತೆಂಬ ಸುದ್ದಿಯನ್ನು ಓದಿದಾಗ, ಮನೆಯ ಹಿರಿಯರೊಬ್ಬರು ತೀರಿಕೊಂಡ ಕಾಗದ ಬಂದಂತಾಗಿತ್ತು ನನಗೆ. ನಮ್ಮದು ತಿಳಿನೀಲಿ ಬಣ್ಣದ್ದು. ಬೀದಿಗೆ ಅದೊಂದೇ ಕಾರು. ಮದುವೆಗೆ, ಆಸ್ಪತ್ರೆಗೆ, ರೈಲ್ವೆ ಸ್ಟೇಷನ್ನಿಗೆ ಅದು ನಮಗಿಂತ ಹೆಚ್ಚಾಗಿ ನೆರೆಯವರಿಗೇ ಓಡಿತು.

ಭಾನುವಾರ ಬೆಳಗ್ಗೆ ನನಗೂ ನನ್ನ ತಮ್ಮನಿಗೂ ಅಮ್ಮನಿಂದ ಎಣ್ಣೆನೀರು. ಕಾರಿಗೆ ಅಪ್ಪನಿಂದ ಪಾಲಿಶು. ಹಳೆಯ ಪಂಚೆಯೊಂದನ್ನು ಅಂಗೈಯಗಲದ ಚೂರುಗಳಾಗಿ ಹರಿದಿಟ್ಟುಕೊಂಡು, ಒಂದು ಚಪ್ಪಟೆ ಡಬ್ಬಿಯ ಮುಚ್ಚಳವನ್ನು ನಾಣ್ಯದಿಂದ ಮೀಟಿ ತೆಗೆದು, ಅವರು ಬಾನೆಟ್ಟಿನ ಮುಂದುಬ್ಬಿನಿಂದ ಪ್ರಾರಂಭಿಸುವರು. ಯಾವಾಗಲೂ ಅಲ್ಲಿಂದಲೇ. ನೋಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಉಜ್ಜಿ ಉಜ್ಜಿ ಹೊಳಪು ಬಂದಮೇಲೆ ಬಟ್ಟೆಯ ಚೂರನ್ನು ನಮ್ಮತ್ತ ಹಿಡಿದು ತೋರಿಸುತ್ತಿದ್ದರು. ಬಿಳಿಯ ಪಂಚೆ ನೀಲಿಯಾಗಿರುತ್ತಿತ್ತು. "ನೋಡ್ರೋ, ಒಂದು ವಾರಕ್ಕೆ ಎಷ್ಟು ಕೊಳೆ!" ಎನ್ನುವರು. ನಾವು ಎಣ್ಣೆಯ ತಲೆಯಲ್ಲಿ ಬಿಸಿಲಿಗೆ ಕುಳಿತು ಬೆರಗಿನಿಂದ ನೋಡುತ್ತಿದ್ದೆವು. ಬೆಂಗಳೂರಿನ ಧೂಳು ಕೆಂಪು. ಕೊಳೆ ನೀಲಿಯಾಗಿ ಬರುವುದು ಹೇಗೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ತಂದೆಯವರು 1997ರಲ್ಲಿ ತೀರಿಕೊಂಡರು. ಆಮೇಲೆ ಕಾರು ಷೆಡ್ಡಿನಲ್ಲಿ ಗವಸು ಹೊದ್ದು ಕುಳಿತಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬಂದು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಚಕ್ರದಡಿ ನಾಲ್ಕು ನಿಂಬೆಹಣ್ಣು ಹಿಂಡಿ ಮತ್ತೆ ಒಳಗೆ ಹೋಗುವುದು. ನಿವೃತ್ತನಾದಮೇಲೆ ನನಗೆ ಬಿಡುವಾಯಿತು. ಬಿಡುವಿನ ಜೊತೆಗೆ ಸ್ವಲ್ಪ ಪಶ್ಚಾತ್ತಾಪವೂ ಬಂತೆನ್ನಿ. ಮಬ್ಬು ಹಿಡಿದು ಸುಣ್ಣ ಬಳಿದಂತೆ ಕಾಣುತ್ತಿದ್ದ ಆ ಮೈಗೆ ಹಿಂದಿನ ಹೊಳಪನ್ನು ತರಬೇಕೆಂದು ಸಂಕಲ್ಪ ಮಾಡಿದೆ. ಕೈಯಿಂದಲೇ ಮಾಡಬೇಕೆಂಬುದೂ ಸಂಕಲ್ಪದ ಒಂದು ಭಾಗ. ಆದರೆ ನನ್ನ ಬಲಭುಜ ಎರಡು ವರ್ಷದಿಂದ ಮುಷ್ಕರ ಹೂಡಿದೆ. ಒಂದು ಬಾಗಿಲನ್ನು ಉಜ್ಜುವಷ್ಟರಲ್ಲಿ ರಾತ್ರಿ ನಿದ್ದೆಯಿಲ್ಲದಂತಾಯಿತು. "ಅಪ್ಪ, ಆ ಭುಜ ಇಟ್ಕೊಂಡು ಇದೆಲ್ಲಾ ಯಾಕೆ? ಮೆಷಿನ್ ತಂದುಕೊಡ್ತೀನಿ" ಎಂದು ಮಗ ಸ್ನೇಹಿತನ ಮನೆಯಿಂದ ಯಂತ್ರವೊಂದನ್ನು ತಂದುಕೊಟ್ಟ. ಗಾಂಧೀಜಿಯವರೇ 1924ರಲ್ಲಿ, ಯಂತ್ರಗಳ ಮಾತು ಬಂದಾಗ, ಹೊಲಿಗೆ ಯಂತ್ರಕ್ಕೆ ರಿಯಾಯಿತಿ ತೋರಿಸಿದ್ದರಲ್ಲವೆ? ಹೆಂಡತಿಯ ಬಳಲಿಕೆಯನ್ನು ನೋಡಲಾರದೆ ಸಿಂಗರ್ ಅದನ್ನು ರೂಪಿಸಿದನೆಂದೂ, ಅದರ ಹಿಂದೆ ಪ್ರೀತಿಯಿದೆಯೆಂದೂ ಅವರ ವಾದ. ಮಗನ ಪ್ರೀತಿ ನನ್ನ ಭುಜದ ಮೇಲೆ. ನಾನೂ ರಿಯಾಯಿತಿ ತೋರಿಸಿದೆ.

ಈ ಯಂತ್ರಗಳಲ್ಲಿ ಎರಡು ಬಗೆ. ಒಂದು, ಅಕ್ಷದ ಸುತ್ತ ಸುಮ್ಮನೆ ಗಿರ್ರನೆ ತಿರುಗುವುದು. ಇನ್ನೊಂದು, ತಿರುಗುತ್ತಲೇ ಅತ್ತಿತ್ತ ಓಲಾಡುವುದು. ಅದರ ಬಿಸಿ ಒಂದೇ ಕಡೆ ನಿಲ್ಲದೆ ಹರಡುವುದರಿಂದ ಹೊಸಬರಿಗೆ ಅದೇ ಕ್ಷೇಮ. ನನಗೆ ಬಂದದ್ದು ಮೊದಲನೆಯದು. ಹತ್ತು ನಿಮಿಷ ಸ್ವರ್ಗದಲ್ಲಿದ್ದೆ. ಮಡ್‌ಗಾರ್ಡಿನ ಮೇಲೆ ಮಬ್ಬು ಸರಿದು ಆಕಾಶ ಮೂಡಿತು. ಅದರಲ್ಲಿ ನಮ್ಮ ತೆಂಗಿನಮರ ಮೂಡಿತು. ಆಮೇಲೆ ಬಾನೆಟ್ಟಿನ ಮುಂದುಬ್ಬಿಗೆ ಬಂದೆ. ಯಂತ್ರ ಹಿಡಿದಲ್ಲಿ ಒಂದೆರಡು ಕ್ಷಣ ಹೆಚ್ಚಾಗಿ ನಿಂತಿತೋ ಏನೋ, ತಿಳಿನೀಲಿಯ ನಡುವೆ ಕಾವಿ ಬಣ್ಣದ್ದೊಂದು ಚುಕ್ಕೆ ಕಂಡಿತು. ಕೊಳೆಯೆಂದುಕೊಂಡು ಅದರ ಮೇಲೆ ಇನ್ನೊಮ್ಮೆ ಆಡಿಸಿದೆ. ಚುಕ್ಕೆ ಅಂಗೈಯಗಲವಾಯಿತು. ಬಣ್ಣ ಹೋಗಿ ಒಳಗಿನ ಪ್ರೈಮರ್ ಹೊರಬಿದ್ದಿತ್ತು.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ನನ್ನಾಕೆ "ಬಣ್ಣ ತಾನೆ, ಬಳಿಸಿದರಾಯಿತು" ಎಂದಳು. ಅವಳ ಮಾತು ಸರಿಯೆ. ಆದರೆ ಇಪ್ಪತ್ತೊಂಬತ್ತು ವರ್ಷಗಳ ಭಾನುವಾರಗಳನ್ನು ನಾನು ಹತ್ತು ನಿಮಿಷದಲ್ಲಿ ಕೆರೆದುಹಾಕಿದೆನಲ್ಲಾ ಎಂಬ ಸಂಕಟಕ್ಕೆ ಅದು ಸಮಾಧಾನವಾಗಲಿಲ್ಲ. ಯಂತ್ರದ ಮೇಲೆ ನಾನು ಆಡುತ್ತಿದ್ದ ಮಾತೆಲ್ಲ ನಿಜವಾಯಿತೆಂಬ ಒಂದು ಕಹಿಯಾದ ತೃಪ್ತಿಯೂ ಅದರಲ್ಲಿ ಬೆರೆತಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಶಿವಾಜಿನಗರದಿಂದ ಬಣ್ಣದ ಮೇಸ್ತ್ರಿಯೊಬ್ಬರನ್ನು ಕರೆತಂದೆ. ವಯಸ್ಸಾದವರು. ಗಾಯದ ಸುತ್ತ ಹೆಬ್ಬೆರಳಾಡಿಸಿದರು. ಬಾಗಿಲು ತೆರೆದು ಒಳಗಿನ ಅಂಚನ್ನು ನೋಡಿದರು. ಡಿಕ್ಕಿಯ ಕಡೆಗೆ ಹೋಗಿ ಬಂದರು. "ಮೆಷಿನ್ ಮೇಲೆ ಯಾಕೆ ಸಾರ್ ಬೈತೀರಿ? ಇಲ್ಲಿ ಬಣ್ಣ ಈರುಳ್ಳಿ ಸಿಪ್ಪೆಯಷ್ಟು ಉಳಿದಿತ್ತು. ಹಿಂದಿನ ಕಡೆ ಚೆನ್ನಾಗೇ ಇದೆ. ಯಾರೋ ಇಲ್ಲೇ ಬಹಳ ವರ್ಷ ಉಜ್ಜಿದಾರೆ. ಬಹಳ ಪ್ರೀತಿಯಿಂದ ಉಜ್ಜಿದಾರೆ" ಎಂದರು. ಕಡೆಯ ಮಾತನ್ನು ವ್ಯಂಗ್ಯವಿಲ್ಲದೆ ಹೇಳಿದರು. ಅದೇ ನನಗೆ ಹೆಚ್ಚು ನಾಟಿತು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಪದರವೊಂದಿರುತ್ತದೆ. ಉಜ್ಜಿದರೆ ಸವೆಯುವುದು ಅದು. ಅದೂ ದಪ್ಪವೇನಲ್ಲ, ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವಿದ್ದರೆ ಹೆಚ್ಚು. ಹಳೆಯ ಅಂಬಾಸಿಡರಿನಂಥ ಗಾಡಿಗೆ ಆ ಹೊದಿಕೆಯೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬಣ್ಣವೇ. ಬಿಸಿಲಿಗೆ ಮಾಸಿದ ಮೇಲ್ಮೈಯನ್ನು ಉಜ್ಜಿದರೆ ಆ ಬಣ್ಣವೇ ಪುಡಿಯಾಗಿ ಬಟ್ಟೆಗೆ ಬರುವುದು. ಅಪ್ಪ ವಾರವಾರವೂ ನಮಗೆ ತೋರಿಸುತ್ತಿದ್ದ ಕೊಳೆ ನಮ್ಮ ಕಾರೇ ಆಗಿತ್ತು.

ತಪ್ಪು ಒಂದು ಮಟ್ಟಿಗೆ ಭಾಷೆಯದು. ಪಾಲಿಶು, ವ್ಯಾಕ್ಸು ಎರಡನ್ನೂ ನಾವು ಪಾಲಿಶೆಂದೇ ಕರೆದೆವು. ಎರಡೂ ಡಬ್ಬಿಯಲ್ಲಿ ಬರುತ್ತವೆ, ಎರಡನ್ನೂ ಬಟ್ಟೆಯಿಂದ ತಿಕ್ಕುತ್ತಾರೆ, ಎರಡರಿಂದಲೂ ಹೊಳಪು ಬರುತ್ತದೆ. ಆದರೆ ಒಂದರಲ್ಲಿ ನುಣ್ಣನೆಯ ಮರಳಿನಂಥ ಪುಡಿಯಿದೆ. ಅದು ಮೈಯನ್ನು ಅಷ್ಟಷ್ಟೇ ಕೆತ್ತಿ ಸಮ ಮಾಡುತ್ತದೆ. ಇನ್ನೊಂದು ಏನನ್ನೂ ತೆಗೆಯದೆ ಮೇಲೊಂದು ತೆಳ್ಳನೆಯ ಪೊರೆಯಾಗಿ ಕೂರುತ್ತದೆ, ಅಷ್ಟೆ. ಕನ್ನಡದಲ್ಲಿ ಉಜ್ಜುವುದು ಬೇರೆ, ಹಚ್ಚುವುದು ಬೇರೆ. ಹುಣಸೆಹಣ್ಣಿನಿಂದ ತಂಬಿಗೆಯನ್ನು ಉಜ್ಜುತ್ತೇವೆ. ನೆತ್ತಿಗೆ ಎಣ್ಣೆಯನ್ನು ಹಚ್ಚುತ್ತೇವೆ. ಅಮ್ಮ ಮಾಡುತ್ತಿದ್ದುದು ಯಾವುದು, ಅಪ್ಪ ಮಾಡುತ್ತಿದ್ದುದು ಯಾವುದು ಎಂದು ನೀಲಿ ಬಟ್ಟೆ ಕಣ್ಣೆದುರಿಗಿದ್ದಾಗಲೂ ನಾನು ಯೋಚಿಸಿರಲಿಲ್ಲ.

ಕೈಯೋ ಯಂತ್ರವೋ ಎಂಬ ಪ್ರಶ್ನೆ ಇಲ್ಲಿ ಸಡಿಲವಾಯಿತು. ಯಂತ್ರಕ್ಕೆ ದಣಿವಿಲ್ಲ, ಕೈಗೆ ದಣಿವಿದೆ. ಸಾಕು ಎಂಬುದನ್ನು ಕೈಗೆ ಅದರ ನೋವೇ ಹೇಳುತ್ತದೆ. ಆದುದರಿಂದ ಕೈ ಮಿತಿ ಮೀರುವುದಿಲ್ಲ ಎಂದು ನಾನು ನಂಬಿದ್ದೆ. ಇದರಲ್ಲಿ ನಿಜವಿಲ್ಲದಿಲ್ಲ. ಆದರೆ ದಣಿವು ಕೈಯನ್ನು ಆ ದಿನಕ್ಕೆ ನಿಲ್ಲಿಸೀತೇ ಹೊರತು ಮರುವಾರಕ್ಕೆ ನಿಲ್ಲಿಸುವುದಿಲ್ಲ. ಅಪ್ಪನ ಕೈ ಒಂದು ದಿನವೂ ಅತಿ ಮಾಡಲಿಲ್ಲ. ಸಾವಿರಕ್ಕೂ ಹೆಚ್ಚು ಭಾನುವಾರ ಮಿತವಾಗಿಯೇ ಉಜ್ಜಿತು. ನಾನು ಮಾಡಿದ ಅನಾಹುತ ಕಣ್ಣಿಗೆ ಕಂಡಿತು, ನಿಂತೆ. ಅವರದು ಕಾಣಲಿಲ್ಲ, ಕಂಡದ್ದು ಹೊಳಪು ಮಾತ್ರ.

ಹಾಗಾದರೆ ಅವರ ಅಕ್ಕರೆಗೆ ಬೆಲೆಯಿಲ್ಲವೆ? ಭಾವ ಶುದ್ಧವಾಗಿದ್ದರೆ ಸಾಕು ಎನ್ನುವವರು ನಮ್ಮಲ್ಲಿ ಬಹಳ. ದೇವರ ವಿಷಯದಲ್ಲಿ ಅದು ಸರಿಯಿರಬಹುದು. ಆತ ಭಾವವನ್ನು ಬಲ್ಲನೆನ್ನುತ್ತಾರೆ. ಬಣ್ಣಕ್ಕೆ ಭಾವ ತಿಳಿಯದು. ಅದಕ್ಕೆ ತಗಲುವುದು ಪುಡಿಯ ಕಣ. ಅಕ್ಕರೆಯನ್ನು ಅಳೆಯಬೇಕಾದದ್ದು ಅಕ್ಕರೆ ಪಡುವವನ ಬೆವರಿನಿಂದಲೋ, ಅಕ್ಕರೆಗೆ ಗುರಿಯಾದದ್ದರ ಮೈಯಿಂದಲೋ? ಬೆವರಿನಿಂದ ಎನ್ನುವುದು ನಮಗೆ ಹಿತ, ಏಕೆಂದರೆ ಬೆವರು ನಮ್ಮದು. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಹತ್ತು ಕಾರು ತೊಳೆಯುವ ಹುಡುಗನದೂ ಕೈಯೇ. ಒಂದೇ ಬಕೆಟ್ಟು, ಒಂದೇ ಬಟ್ಟೆ; ಒಂದು ಕಾರಿನ ಮರಳು ಇನ್ನೊಂದನ್ನು ಗೀರುತ್ತದೆ. ಬಿಸಿಲಿನಲ್ಲಿ ನೋಡಿದರೆ ಜೇಡರ ಬಲೆಯಂತೆ ಸುತ್ತುಗೆರೆಗಳು. ಅವನನ್ನು ನಾವು ಬೈಯುತ್ತೇವೆ. ಇನ್ನೊಂದು ಬಕೆಟ್ಟು ಕೊಡಿಸುವುದಿಲ್ಲ.

ಈ ಕತೆಯನ್ನೆಲ್ಲ ದೂರವಾಣಿಯಲ್ಲಿ ತಮ್ಮನಿಗೆ ಹೇಳಿದೆ. ಅವನು ಪುಣೆಯಲ್ಲಿ ನೆಲೆಸಿ ನಲವತ್ತು ವರ್ಷವಾಗುತ್ತ ಬಂತು. ಮನೆಗೆ ಬರುವುದು ಅಪರೂಪ. ಬೇಸರಪಟ್ಟುಕೊಳ್ಳುತ್ತಾನೆಂದುಕೊಂಡಿದ್ದೆ, ನಕ್ಕುಬಿಟ್ಟ. ಅವನು ಹುಟ್ಟಾ ಎಡಚ. ಎಡಗೈಯಲ್ಲಿ ಬಳಪ ಹಿಡಿದರೆ ಅಪ್ಪ ಸಹಿಸುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು, ಬಲಗೈಯಲ್ಲಿ ಎರಡು ಪುಟ ಕಾಪಿ ಬರೆಯಿಸುವರು. ಹೊಡೆಯುತ್ತಿರಲಿಲ್ಲ, ಗದರುತ್ತಿರಲಿಲ್ಲ, ಜೊತೆಗೆ ಕುಳಿತು ಬೆರಳು ಹಿಡಿದು ತಿದ್ದುತ್ತಿದ್ದರು. ಅಷ್ಟೊಂದು ತಾಳ್ಮೆ ನನಗೆ ಅವರು ಎಂದೂ ಕೊಟ್ಟವರಲ್ಲವೆಂದು ನನಗೆ ಹೊಟ್ಟೆಕಿಚ್ಚೂ ಇತ್ತು. ಮಕ್ಕಳನ್ನು ತಿದ್ದಿ ತೀಡುವುದು ಎನ್ನುತ್ತೇವಲ್ಲ, ಅಕ್ಷರಶಃ ಹಾಗೆ. "ಅಣ್ಣ, ಆ ಬಾನೆಟ್ ಮೇಲೆ ಬಣ್ಣ ಉಳಿದಿದ್ದರೇ ಆಶ್ಚರ್ಯ. ನನ್ನ ಬಲಗೈ ಅಕ್ಷರ ನೋಡಿದೀಯಲ್ಲ, ಅಲ್ಲೂ ಪ್ರೈಮರ್ ಕಾಣತ್ತೆ" ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಟ್ಟೆ ನೀಲಿಯಾದಾಗ ಅವರ ಮುಖ ಹೇಗಿರ್ತಿತ್ತು, ಜ್ಞಾಪಕ ಇದೆಯಾ?" ಎಂದು ಕೇಳಿದ.

ಜ್ಞಾಪಕವಿದೆ. ಅಷ್ಟು ಸಂತೋಷ ಅವರ ಮುಖದಲ್ಲಿ ಬೇರೆ ಯಾವಾಗಲೂ ಇರುತ್ತಿರಲಿಲ್ಲ. ಉಜ್ಜುವವನಿಗೆ ಸಾಕ್ಷಿ ಸಿಕ್ಕುತ್ತದೆ; ಏನೋ ತೆಗೆದೆನೆಂಬುದು ಬಟ್ಟೆಯಲ್ಲಿ ಕಾಣುತ್ತದೆ. ಹುಡುಗರ ಪ್ರಬಂಧಗಳ ಮೇಲೆ ಮೂವತ್ತು ವರ್ಷ ಕೆಂಪು ಶಾಯಿ ಹರಿಸಿದ ನನಗೆ ಈ ಸಂತೋಷ ಗೊತ್ತು. ಪುಟ ಕೆಂಪಾದಷ್ಟೂ ಪಾಠ ನಡೆಯಿತೆಂದು ನೆಮ್ಮದಿ.

ಆದುದರಿಂದ ಅಂಗಡಿಯ ಹುಡುಗನ ಮುಂದೆ ನಾನು ತಡವರಿಸಿದ್ದು. ಕಡೆಗೆ, "ಕೈಗೇ ಕೊಡಪ್ಪ, ಉಜ್ಜೋದು ಬೇಡ, ಬರೀ ಹಚ್ಚೋದು" ಎಂದೆ. ಈ ಉತ್ತರಕ್ಕೆ ತತ್ತ್ವದ ಆಧಾರವೇನೂ ಇಲ್ಲ. ಬರಿಯ ಮೇಣ ಹಚ್ಚುವುದಕ್ಕೆ ಯಂತ್ರ ಹೆಚ್ಚಿನದೇನನ್ನೂ ಮಾಡಲಾರದು. ಮೆತ್ತನೆಯ ಸ್ಪಂಜು ಕಟ್ಟಿ ನಿಧಾನವಾಗಿ ತಿರುಗಿಸಿದರೆ ಪೊರೆ ಸಮನಾಗಿ ಹರಡುತ್ತದೆ, ಅಷ್ಟೆ. ಮೇಣಕ್ಕೆ ಭುಜದ ಬಲವೂ ಬೇಡ.

ಡಬ್ಬಿಯ ಮೇಲೆ ಕಾರ್ನೌಬಾ ಎಂದು ಬರೆದಿತ್ತು. ಬ್ರೆಜಿಲಿನ ಈಶಾನ್ಯ ಭಾಗದ ಒಣಸೀಮೆಯಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಅದು. ಬಿಸಿಲಿಗೆ ಒಳಗಿನ ನೀರು ಆರಿಹೋಗದಂತೆ ಎಲೆ ತನಗೆ ತಾನೇ ಮೇಣ ಹಚ್ಚಿಕೊಳ್ಳುತ್ತದೆ. ಉದ್ದನೆಯ ಗಳುವಿಗೆ ಕತ್ತಿ ಕಟ್ಟಿ ಎಲೆ ಕೊಯ್ದು, ಬಿಸಿಲಿನಲ್ಲಿ ಒಣಗಿಸಿ, ಬಡಿದು ಉದುರಿಸಿದ ಪುಡಿಯನ್ನು ಕರಗಿಸಿದರೆ ಮೇಣ. ಎಲೆ ಮತ್ತೆ ಚಿಗುರುತ್ತದೆ, ಮರ ಸಾಯುವುದಿಲ್ಲ. ಪ್ರಕೃತಿಯ ಮೇಣಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. 80 ಡಿಗ್ರಿ ಶಾಖ ದಾಟಿದಮೇಲೆಯೇ ಕರಗುವುದು. ಇದರ ಮರಗಳನ್ನು ಹುಡುಕಿಕೊಂಡು ಅಮೆರಿಕದ ಮೇಣದ ವ್ಯಾಪಾರಿ ಎಚ್. ಎಫ್. ಜಾನ್ಸನ್ 1935ರಲ್ಲಿ ವಿಸ್ಕಾನ್ಸಿನ್ನಿನಿಂದ ಬ್ರೆಜಿಲಿಗೆ, ನೀರಿನಲ್ಲೂ ನೆಲದಲ್ಲೂ ಇಳಿಯಬಲ್ಲ ಪುಟ್ಟ ವಿಮಾನದಲ್ಲಿ ಹಾರಿಹೋಗಿದ್ದ. ಅದು ಸಾಹಸದ ಕತೆ. ಸಾಹಸವಲ್ಲದ ಕತೆಯೂ ಒಂದುಂಟು. ಈ ಎಲೆ ಕೊಯ್ಯುವವರನ್ನು ಕೆಲವು ಕಡೆ ಗುಲಾಮರಿಗಿಂತ ಮೇಲಲ್ಲದ ಸ್ಥಿತಿಯಲ್ಲಿಟ್ಟು ದುಡಿಸುತ್ತಾರೆಂದು 2017ರಲ್ಲಿ ಜರ್ಮನಿಯ ಟೆಲಿವಿಷನ್ನು ತೋರಿಸಿತು. ಕೈಯಿಂದಲೇ ಹಚ್ಚಿದೆನೆಂದು ನಾನು ಹೇಳಿಕೊಳ್ಳುವಾಗ ಯಾರ ಯಾರ ಕೈ ಅದರೊಳಗೆ ಸೇರಿದೆಯೋ, ಡಬ್ಬಿಯ ಮೇಲೆ ಅದನ್ನು ಬರೆದಿರಲಿಲ್ಲ.

ಮರುದಿನ ಬೆಳಗ್ಗೆ ಕಾರನ್ನು ತೊಳೆದು, ಒರೆಸಿ, ನೆರಳಿಗೆ ತಳ್ಳಿಸಿದೆ. ಬಿಸಿಯಾದ ತಗಡಿಗೆ ಮೇಣ ಹಚ್ಚಬಾರದು, ಅಂಟಿಕೊಂಡು ಕಾಡುತ್ತದೆ. ದಪ್ಪಗೆ ಹಚ್ಚಿದರೂ ಪ್ರಯೋಜನವಿಲ್ಲ. ನಿಲ್ಲುವುದು ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪದರ ಮಾತ್ರ. ಮಿಕ್ಕದ್ದೆಲ್ಲ ಬಟ್ಟೆಯ ಪಾಲು. ಸ್ಪಂಜಿಗೆ ಉಗುರಿನಷ್ಟು ತೆಗೆದುಕೊಂಡು ಒಂದೊಂದೇ ಭಾಗಕ್ಕೆ ಸವರಿ, ಮಂಜು ಕವಿದಂತೆ ಆಗುವವರೆಗೆ ಕಾದು, ಬೆರಳಿನಿಂದ ಒಮ್ಮೆ ಗೀರಿ ನೋಡಿ, ಮೆಲ್ಲಗೆ ಒರೆಸಿದೆ. ಹಿಂದಿನಿಂದ ಪ್ರಾರಂಭಿಸಿದೆ. ಭುಜ ಮಾತಾಡಲಿಲ್ಲ. ಹತ್ತು ಕಾರು ಮುಗಿಸಿ ಬಂದ ಹುಡುಗ ಗೇಟಿನ ಬಳಿ ನಿಂತು ನೋಡುತ್ತಿದ್ದ. ನನ್ನ ಕೈಯಲ್ಲಿದ್ದ ಬಿಳಿಯ ಬಟ್ಟೆಯನ್ನು ನೋಡಿ, "ಏನೂ ಬರ್ಲೇ ಇಲ್ವಲ್ಲ ಸಾರ್" ಎಂದ. ಅವನಿಗೆ ನಾನು ಕೆಲಸ ಮಾಡಿದಂತೆಯೇ ಕಾಣಲಿಲ್ಲ. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಹನಿಗಳು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತು ಜಾರಿದವು. ಮುಂದುಬ್ಬಿನ ಕಾವಿ ಕಲೆಗೂ ಹಚ್ಚಿದ್ದೆ. ಅಲ್ಲಿ ನೀರು ಸ್ವಲ್ಪ ಹೊತ್ತು ನಿಂತು ಆಮೇಲೆ ಇಂಗಿತು.

ಈ ಪೊರೆ ಒಂದೆರಡು ತಿಂಗಳಿರುತ್ತದೆ, ಆಮೇಲೆ ಮತ್ತೆ ಹಚ್ಚಬೇಕು. ಪ್ರೈಮರನ್ನು ಮಾತ್ರ ಹಾಗೆಯೇ ಬಿಡುವಂತಿಲ್ಲ. ಮಳೆಗಾಲದಲ್ಲಿ ತೇವ ಒಳಗಿಳಿದು ತುಕ್ಕು ಹಿಡಿಯುತ್ತದೆಂದು ಮೇಸ್ತ್ರಿ ಎಚ್ಚರಿಸಿದ್ದಾರೆ. ಬಣ್ಣ ಬೆರೆಸಿ ತರಲು ಅವರು ಒಪ್ಪಿಕೊಂಡಿದ್ದಾರೆ. ಆದರೆ ನಿನ್ನೆ ದೂರವಾಣಿ ಮಾಡಿ ಒಂದು ಮಾತು ಕೇಳಿದರು. ಬಾಗಿಲ ಒಳ ಅಂಚಿನಲ್ಲಿ, ಯಾರ ಕೈಯೂ ಆಡದ ಕಡೆ, 1968ರ ನೀಲಿ ಇನ್ನೂ ಹಾಗೆಯೇ ಗಾಢವಾಗಿದೆ. ಹೊರಗಿನದು ಬೇರೆ ನೀಲಿ. "ಯಾವುದಕ್ಕೆ ಸರಿಮಾಡಲಿ ಸಾರ್, ಒಳಗಿನದಕ್ಕಾ, ಹೊರಗಿನದಕ್ಕಾ?"

ಸೋಮವಾರ ಹೇಳುತ್ತೇನೆಂದಿದ್ದೇನೆ. ತಮ್ಮ ಶನಿವಾರ ಬರುವನಂತೆ. ಅವನನ್ನೂ ಒಂದು ಮಾತು ಕೇಳಬೇಕು.